ಆಸೆ ಯಾವಾಗ ಪಾಪವಾಗುತ್ತದೆ?

ಮನಸ್ಸಿನಲ್ಲಿ ಕೆಟ್ಟ ಯೋಚನೆ ಬಂತೆಂಬ ಒಂದೇ ಕಾರಣಕ್ಕೆ ಪರಮಪ್ರಸಾದ ಸ್ವೀಕರಿಸದೆ ಹಿಂದೆ ನಿಲ್ಲುವ ಭಕ್ತರು ಧರ್ಮಕೇಂದ್ರಗಳಲ್ಲಿದ್ದಾರೆ. ಕೈಯಾರೆ ಏನೂ ಮಾಡಿಲ್ಲವಲ್ಲ ಎಂದುಕೊಂಡು ನೆರೆಯವರ ಜಾಗದ ಮೇಲಿನ ದುರಾಸೆಯನ್ನು ವರ್ಷಗಟ್ಟಲೆ ಸಾಕುವವರೂ ಇದ್ದಾರೆ. ಧರ್ಮಸಭೆಯ ಬೋಧನೆ ಈ ಇಬ್ಬರಿಗೂ ಬೇಕಾಗಿದೆ.

ಪಾಪದತ್ತ ಒಲವು

ಜ್ಞಾನಸ್ನಾನವು ಆದಿಪಾಪವನ್ನು ತೊಳೆಯುತ್ತದೆ. ಆದರೆ ಪಾಪದತ್ತ ವಾಲುವ ಒಲವು ನಮ್ಮಲ್ಲಿ ಉಳಿಯುತ್ತದೆ. ಈ ಒಲವು ಪಾಪದಿಂದ ಬಂದದ್ದು, ಪಾಪಕ್ಕೆ ಸೆಳೆಯುವಂಥದ್ದು, ಆದರೆ ಅದೇ ಪಾಪವಲ್ಲ ಎಂದು ತ್ರೆಂತ್ ಮಹಾಸಭೆ 1546ರಲ್ಲಿ ಬೋಧಿಸಿತು. ದೇವರ ವರಪ್ರಸಾದದ ಬಲದಿಂದ ಅದನ್ನು ಎದುರಿಸುವವರಿಗೆ ಅದು ಹಾನಿ ಮಾಡಲಾರದು.

ಸಂತ ಯೊವಾನ್ನರ ಮೊದಲ ಪತ್ರ (2:16) ಲೋಕದ ಆಸೆಯನ್ನು ಮೂರು ಬಗೆಯಾಗಿ ನೋಡುತ್ತದೆ: ದೇಹಕ್ಕೆ ಸಂಬಂಧಿಸಿದ್ದು, ಕಣ್ಣಿಗೆ ಕಂಡದ್ದನ್ನೆಲ್ಲ ಬಯಸುವುದು, ಇರುವ ಸಿರಿಯ ಬಗ್ಗೆ ಬೀಗುವುದು.

ಒಪ್ಪಿಗೆಯ ಪ್ರಶ್ನೆ

ಯೋಚನೆ ಬರುವುದು ಬೇರೆ, ಅದಕ್ಕೆ ಮನಸ್ಸು ಕೊಡುವುದು ಬೇರೆ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶದ ಪ್ರಕಾರ (1857) ಮಾರಕ ಪಾಪಕ್ಕೆ ಮೂರು ಅಂಶಗಳು ಒಟ್ಟಿಗೆ ಇರಬೇಕು: ವಿಷಯ ಗಂಭೀರವಾಗಿರಬೇಕು, ಪೂರ್ಣ ತಿಳಿವಳಿಕೆ ಇರಬೇಕು, ಮನಃಪೂರ್ವಕ ಒಪ್ಪಿಗೆ ಇರಬೇಕು. ವಿಷಯ ಗಂಭೀರವಾಗಿದ್ದರೂ ತಿಳಿವಳಿಕೆಯಾಗಲಿ ಒಪ್ಪಿಗೆಯಾಗಲಿ ಪೂರ್ಣವಾಗಿರದಿದ್ದರೆ ಅದು ಲಘು ಪಾಪ. ಒಪ್ಪಿಗೆಯೇ ಇಲ್ಲದಿದ್ದರೆ ಅದು ಬರೀ ಶೋಧನೆ.

ಹಾಗೆಂದು ಒಳಗಿನ ಪಾಪ ಪಾಪವೇ ಅಲ್ಲ ಎನ್ನುವಂತಿಲ್ಲ. ದೇವರ ಹತ್ತು ಆಜ್ಞೆಗಳಲ್ಲಿ ಕೊನೆಯ ಎರಡು ನೇರವಾಗಿ ಹೃದಯದ ಬಯಕೆಗೇ ಸಂಬಂಧಿಸಿವೆ. ನೆರೆಯವರ ಜಾಗವನ್ನು ನ್ಯಾಯವಾದ ಬೆಲೆ ಕೊಟ್ಟು ಕೊಳ್ಳಬೇಕೆಂಬ ಆಸೆ ತಪ್ಪಲ್ಲ ("ಧರ್ಮೋಪದೇಶ"ದ 2537ನೆಯ ಪರಿಚ್ಛೇದ ಇಂಥ ನ್ಯಾಯವಾದ ಆಸೆಯನ್ನು ಒಪ್ಪುತ್ತದೆ). ಆದರೆ ಅವಕಾಶ ಸಿಕ್ಕಿದರೆ ಗಡಿಕಲ್ಲು ಸರಿಸಿಯೇ ಬಿಡುವುದೆಂದು ತೀರ್ಮಾನಿಸಿದವನು, ಕಲ್ಲನ್ನು ಮುಟ್ಟದಿದ್ದರೂ, ಹತ್ತನೆಯ ಆಜ್ಞೆಯನ್ನು ಆಗಲೇ ಮೀರಿದ್ದಾನೆ.

ಪಾಪನಿವೇದನೆಗೆ ಮುನ್ನ

ಜ್ಞಾನಸ್ನಾನದ ನಂತರ ಮಾಡಿ ಇನ್ನೂ ನಿವೇದಿಸದ ಎಲ್ಲ ಗಂಭೀರ ಪಾಪಗಳನ್ನು, ಅವುಗಳ ಬಗೆ ಮತ್ತು ಸಂಖ್ಯೆ ಸಹಿತ, ನಿವೇದಿಸಬೇಕೆಂದು 1983ರ ಧರ್ಮಸಭೆಯ ಕಾನೂನು (988) ವಿಧಿಸುತ್ತದೆ. ಲಘು ಪಾಪಗಳನ್ನೂ ನಿವೇದಿಸುವುದು ಒಳ್ಳೆಯದೆನ್ನುತ್ತದೆ. ಆದ್ದರಿಂದ ಮನಸ್ಸಿಗೆ ಬಂದುಹೋದ ಯೋಚನೆಗಳ ಲೆಕ್ಕ ಇಡಬೇಕಾಗಿಲ್ಲ. 'ಇದು ತಪ್ಪೆಂದು ತಿಳಿದೂ ನಾನು ಒಪ್ಪಿದೆನೇ?' ಎಂದು ಪ್ರಾಮಾಣಿಕವಾಗಿ ಕೇಳಿಕೊಂಡರೆ ಸಾಕು.

ಆದರೂ ಸಂಶಯ ಬಿಡದೆ ಕಾಡುವವರಿಗೆ ಸಂತ ಅಲ್ಫೋನ್ಸ್ ಲಿಗೋರಿ (1696-1787) ಆಸರೆ. 1950ರಲ್ಲಿ ಪಾಪನಿವೇದನೆ ಕೇಳುವ ಗುರುಗಳ ಪಾಲಕರೆಂದು ಘೋಷಿಸಲ್ಪಟ್ಟ ಅವರೇ ಇಂಥ ಸಂಶಯಗಳಿಂದ ಬಹಳ ನರಳಿದವರು. ಪದೇ ಪದೇ ಗುರುಗಳನ್ನು ಬದಲಿಸದೆ, ಒಬ್ಬರನ್ನೇ ನಂಬಿ ಅವರ ಮಾತಿನಂತೆ ನಡೆಯುವುದು ಇದಕ್ಕೆ ಧರ್ಮಸಭೆಯಲ್ಲಿ ಬಹುಕಾಲದಿಂದ ಬಂದ ಮದ್ದು.

ಯೇಸುಸ್ವಾಮಿಯೂ ಶೋಧನೆಗೆ ಒಳಗಾದರು, ಆದರೆ ಪಾಪ ಮಾಡಲಿಲ್ಲ. ಶೋಧನೆಯನ್ನು ಅವರ ಹೆಸರಿನಲ್ಲಿ ಎದುರಿಸಿದವರು ಭಯವಿಲ್ಲದೆ, ಕೃತಜ್ಞತೆಯಿಂದ ಅವರ ಬಲಿಪೀಠದ ಬಳಿಗೆ ಬರಲಿ.