ಯಂತ್ರಾಂತರ್ಗತ ಯಂತ್ರಗಳು

ಒಂದೇ ಗಣಕದಲ್ಲಿ ಅನೇಕ ಗಣಕಗಳನ್ನು ತೋರಿಸುವ ವಿದ್ಯೆಯನ್ನು ಐಬಿಎಂ ಸಂಸ್ಥೆಯವರು 1972ರಲ್ಲಿಯೇ ಪ್ರಕಟಿಸಿದ್ದರು. ಘಟಾಕಾಶದೃಷ್ಟಾಂತಕ್ಕಿಂತ ಬ್ಯಾಡಗಿಯ ಮೆಣಸಿನಕಾಯಿಯ ಶೀತಲಗೃಹವೇ ಇದಕ್ಕೆ ತಕ್ಕ ಉಪಮೆ. ಆಕಾಶವು ಹಂಚಲ್ಪಡದು, ಸ್ಥಳವಾದರೋ ಹಂಚಲ್ಪಡುವುದು. ಯಂತ್ರಸ್ಥಿತಿಯನ್ನು ಮುಟ್ಟುವ ಆಜ್ಞೆಗಳೆಲ್ಲವೂ ತಡೆಯಲ್ಪಟ್ಟು ಮೇಲ್ವಿಚಾರಕನಿಗೆ ಒಪ್ಪಿಸಲ್ಪಡಬೇಕೆಂದು ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬ ವಿದ್ವಾಂಸರು 1974ರಲ್ಲಿ ಲಕ್ಷಣವನ್ನು ವಿಧಿಸಿದರು. ಇಂಟೆಲ್‌ನವರ ಪೆಂಟಿಯಂ ಪ್ರೊಸೆಸರಿನಲ್ಲಿ 17 ಆಜ್ಞೆಗಳು ಇದಕ್ಕೆ ಹೊರತಾಗಿ ಸದ್ದಿಲ್ಲದೆ ನುಸುಳುತ್ತಿದ್ದುವು. 1999ರಲ್ಲಿ ವಿಎಂವೇರ್‌ನವರು ಆಜ್ಞೆಗಳನ್ನು ತಿದ್ದಿ ಬರೆಯುವ ಉಪಾಯದಿಂದ ದೋಷವನ್ನು ಮರೆಸಿದರೇ ಹೊರತು ನೀಗಿಸಲಿಲ್ಲ. ಅದು ನೀಗಿದುದು, 2005ರಲ್ಲಿ ಇಂಟೆಲ್, 2006ರಲ್ಲಿ ಎಎಂಡಿ ಸಂಸ್ಥೆಗಳು ಪ್ರೊಸೆಸರಿನೊಳಗೇ ಅತಿಥಿಸ್ಥಿತಿಯನ್ನು ಕಲ್ಪಿಸಿದ ಮೇಲೆ. ಬೆಂಗಳೂರಿನಲ್ಲಿ ರಚಿತವಾಗಿ 2008ರಲ್ಲಿ ಹೊರಬಂದ, ಆರು ಕೋರ್‌ಗಳ ಝೀಯಾನ್ 7400ನ್ನು ಈ ವಿದ್ಯೆಗೆ ಮೂಲವೆನ್ನುವುದು ಅಭಿಮಾನದ ಮಾತೇ ಹೊರತು ಇತಿಹಾಸವಲ್ಲ. ನಡೆಯುತ್ತಿರುವ ಅತಿಥಿಯಂತ್ರವನ್ನು ನಿಲ್ಲಿಸದೆ ಬೇರೆ ಪೀಳಿಗೆಯ ಪ್ರೊಸೆಸರಿಗೆ ಸಾಗಿಸುವ ಸೌಕರ್ಯವು ಅದರಲ್ಲಿದ್ದಿತೆಂಬುದು ಮಾತ್ರ ನಿರ್ವಿವಾದ.