ಮಾಡು ಇಳಿಸಿದ ಮೇಲೆ

ಉಡುಪಿ, ಮಂಗಳೂರು ಕಡೆ ಈಚೆಗೆ ಎದ್ದ ಎಷ್ಟೋ ಮನೆಗಳ ತಾರಸಿಗೆ ಕೆಂಪು ಹಂಚು ಹೊದಿಸಿರುತ್ತಾರೆ. ಮಳೆ ತಡೆಯುವುದು ಕೆಳಗಿನ ಕಾಂಕ್ರೀಟು. ಹಂಚು ಇರುವುದು ಅಂದಕ್ಕೆ. ಅಜ್ಜನ ಮನೆಯ ಹಾಗೆ ಕಾಣಬೇಕಲ್ಲ! ತಮಾಷೆಯೆಂದರೆ, ಅಜ್ಜನ ಅಜ್ಜನ ಕಾಲಕ್ಕೆ ಆ ಹಂಚೇ ಹೊಸ ಫ್ಯಾಶನ್ನು.

ಅದಕ್ಕೆ ಮೊದಲು ಕರಾವಳಿಯ ಸಾಮಾನ್ಯರ ಮನೆಗೆ ಮುಳಿಹುಲ್ಲಿನ ಮಾಡು, ಉಳ್ಳವರದಕ್ಕೆ ಕುಂಬಾರರು ಕೈಯಲ್ಲಿ ಮಾಡಿದ ನಾಡಹಂಚು. 1865ರಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯ ಜಾರ್ಜ್ ಪ್ಲೆಬ್‌ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರು. ನೇತ್ರಾವತಿ ದಂಡೆಯ ಜೇಡಿಮಣ್ಣನ್ನು ಅಚ್ಚಿನಲ್ಲಿ ಒತ್ತಿ ಸುಟ್ಟ ಈ ಹಂಚುಗಳು ಒಂದಕ್ಕೊಂದು ಕಚ್ಚಿ ಕೂರುತ್ತಿದ್ದವು. 1868ಕ್ಕೆ ಅಲ್ಬುಕರ್ಕ್ ಕಾರ್ಖಾನೆಯೂ ಬಂತು. ಮಂಗಳೂರು ಹಂಚು ಹಡಗೇರಿ ಪೂರ್ವ ಆಫ್ರಿಕಾದವರೆಗೆ ಹೋಯಿತು.

ಹುಲ್ಲು ಹೋಗಿ ಹಂಚು ಬಂದಾಗ ಮನೆಯ ಒಳರಚನೆ ಹೆಚ್ಚು ಬದಲಾಗಲಿಲ್ಲ. ಪಕ್ಕಾಸಿನ ಮೇಲೆ ರೀಪು, ರೀಪಿನ ಮೇಲೆ ಹಂಚು, ಸಂದಿಯಲ್ಲಿ ಗಾಳಿ. ಕೆಳಗೆ ಅಟ್ಟ, ಬಿಸಿಲನ್ನು ಅಲ್ಲೇ ತಡೆಯಲು. ಕತ್ತಲೆಯ ಅಡುಗೆಮನೆಗೆ ಒಂದೆರಡು ಗಾಜಿನ ಹಂಚು. ಮಧ್ಯದ ಅಂಗಳಕ್ಕೆ ಮಳೆ ಸುರಿದರೂ ಸುತ್ತಲಿನ ಜಗಲಿ ಒಣಗಿಯೇ ಇರುತ್ತಿತ್ತು. ತಾರಸಿ ಬಂದಾಗ ಹೋದದ್ದು ಇದು. ಹಾಗೆಂದು ಮಾಡು ಇಳಿಸಿದವರನ್ನು ದೂರುವುದೂ ಸುಲಭವಲ್ಲ. ಮಂಗ ಹಾರಿದರೆ ಹಂಚು ಒಡೆಯುತ್ತದೆ, ಪ್ರತಿ ಮಳೆಗಾಲಕ್ಕೆ ಮೊದಲು ಮಾಡು ಹತ್ತುವ ಆಳು ಬೇಕು.

ದೊಡ್ಡ ಮನೆಗಳಿಗಂತೂ ಬೇರೆಯದೇ ಪೆಟ್ಟು. ಪಾಲುಪಟ್ಟಿ ಒಂದು ಕಡೆ. 1974ರ ಭೂಸುಧಾರಣೆಯ ನಂತರ ಗೇಣಿ ಅಕ್ಕಿ ಬರುವುದೂ ನಿಂತಿತು. ಉಳುವವನಿಗೆ ನ್ಯಾಯ ಕೊಟ್ಟ ಕಾನೂನು ಅದು. ಆದರೆ ಆ ಅಕ್ಕಿಯ ಮೇಲೆ ನಿಂತಿದ್ದ, ನಡುವೆ ಅಂಗಳವಿದ್ದ ಚೌಕಿಮನೆಗಳನ್ನು ನೋಡಿಕೊಳ್ಳುವವರಿಲ್ಲವಾಯಿತು. ಹಲಸಿನ ಕಂಬಗಳು, ಕೆತ್ತನೆಯ ಬಾಗಿಲುಗಳು ಗುಜರಿ ಸೇರತೊಡಗಿದವು.

ಅವನ್ನು ಕೊಂಡು ತಂದವರಲ್ಲಿ ಮಣಿಪಾಲದ ಬ್ಯಾಂಕ್ ಉದ್ಯೋಗಿ ವಿಜಯನಾಥ ಶೆಣೈ ಒಬ್ಬರು. ಹಳೆಯ ಮನೆಗಳ ಭಾಗಗಳಿಂದ ತಮ್ಮ ಮನೆಯನ್ನೇ ಕಟ್ಟಿಕೊಂಡ ಅವರು, ಆಮೇಲೆ ಇಡೀ ಮನೆಗಳನ್ನೇ ಬಿಚ್ಚಿ ತಂದು ಮಣಿಪಾಲದಲ್ಲಿ ಮತ್ತೆ ನಿಲ್ಲಿಸಿದರು. ಮಿಯಾರಿನ ಮನೆ, ಕುಂಜೂರಿನ ಚೌಕಿಮನೆ, ಕುಕನೂರಿನ ಕಮಲ ಮಹಲು ಇಂದು ಅಲ್ಲಿನ ಹಸ್ತಶಿಲ್ಪ ಗ್ರಾಮದಲ್ಲಿವೆ. ಮನೆ ಉಳಿಯಿತು, ಅದರ ಊರು ಅಲ್ಲಿಗೆ ಬರಲಿಲ್ಲ. ಶೆಣೈಯವರು ಕೈಹಾಕದಿದ್ದರೆ ಮನೆಯೂ ಇರುತ್ತಿರಲಿಲ್ಲ.

ಕೆಡವಿದ ಬೇರೆ ಮನೆಗಳ ಹಂಚು ಬಿಡಿಬಿಡಿಯಾಗಿ ಮಾರಾಟವಾಗುತ್ತದೆ. ಕೆಲವುಗಳ ಬೆನ್ನ ಮೇಲೆ ಬಾಸೆಲ್ ಮಿಶನ್ನಿನ ಹೆಸರಿನೊಂದಿಗೆ 1865 ಎಂದು ಅಚ್ಚೊತ್ತಿರುತ್ತದೆ. ಅದು ಕಾರ್ಖಾನೆ ಹುಟ್ಟಿದ ವರ್ಷ. ಕೊಳ್ಳುವವರು ಹಂಚಿನ ವಯಸ್ಸೆಂದು ತಿಳಿದು ಖುಷಿಯಿಂದ ತಾರಸಿಗೆ ಏರಿಸುತ್ತಾರೆ.