ಕಡತದಿಂದ ಕ್ಲೌಡ್‌ವರೆಗೆ: ಲೆಕ್ಕ ಅಳಿಸೋ ಅಧಿಕಾರ ಯಾರದ್ದು?

ಇವತ್ತಿನ ಕಂತು ಲೆಕ್ಕದ ಪುಸ್ತಕದ ಇತಿಹಾಸ. ಬೋರಿಂಗ್ ಅನ್ಕೊಂಡು ಸ್ಕಿಪ್ ಮಾಡಬೇಡಿ. ಇದು ನಿಮ್ಮ ಅಪ್ಪನ ಉದ್ರಿ, ನಿಮ್ಮ ಸಂಬಳ, ನಿಮ್ಮ ಪಾಲುದಾರನ ಪ್ರಾಮಾಣಿಕತೆ ಎಲ್ಲಕ್ಕೂ ಸಂಬಂಧಪಟ್ಟಿದ್ದು.

ಕಾರವಾರದ ಕೋಡಿಬಾಗದಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ ಇದೆ ಅಂತ ಊಹಿಸ್ಕೊಳ್ಳಿ. ಗಲ್ಲೆ ಕೆಳಗೆ ಹಳೇ ಕಂಪ್ಯೂಟರ್, ಅದರಲ್ಲಿ ಹನ್ನೆರಡು ವರ್ಷದ ಲೆಕ್ಕ. ಒಂದಿನ ಮಗಳು ಹೇಳ್ತಾಳೆ: "ಅಪ್ಪಾ, ಇದನ್ನ ಕ್ಲೌಡ್‌ಗೆ ಹಾಕೋಣ. ಮೊಬೈಲಲ್ಲೇ ನೋಡ್ಬಹುದು." ಅಪ್ಪನ ಮೊದಲ ಪ್ರಶ್ನೆ: "ಹಾಗಾದ್ರೆ ಲೆಕ್ಕ ಯಾರ ಹತ್ರ ಇರ್ತದೆ?" ಅನೇಕರು ಇದನ್ನ ಹಳೇ ಕಾಲದವರ ಭಯ ಅಂತ ನಗ್ತಾರೆ. ಆದ್ರೆ ಈ ಪ್ರಶ್ನೆಗೆ ನೂರಾರು ವರ್ಷದ ಇತಿಹಾಸ ಇದೆ. ಲೆಕ್ಕದ ಪುಸ್ತಕ ರೂಪ ಬದಲಿಸಿದಾಗಲೆಲ್ಲ ಎರಡು ವಿಷಯ ಬದಲಾಗಿವೆ: ಬರೆದದ್ದನ್ನ ಯಾರು ಅಳಿಸಬಹುದು, ನಾಳೆ ಯಾರು ಓದಬಹುದು.

ಮೊದಲು ಕಡತ. ಇವತ್ತು ಕಡತ ಅಂದ್ರೆ ಸರ್ಕಾರಿ ಆಫೀಸಿನ ಫೈಲು. "ಕಡತ ವಿಲೇವಾರಿ ಆಗಿಲ್ಲ" ಅಂತಾರಲ್ಲ, ಅದೇ. ಆದ್ರೆ ಹಿಂದೆ ಕಡತ ಅಂದ್ರೆ ಒಂದು ವಸ್ತು. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಹಾರ್ಮೋನಿಯಂ ತಿದಿಯ ಹಾಗೆ ಮಡಚಿಟ್ಟ ಕಪ್ಪು ಪುಸ್ತಕ. ಬರೆಯೋದು ಬಳಪದಲ್ಲಿ. ಶೃಂಗೇರಿ ಮಠದ ಹಳೇ ಕಡತಗಳು ಇತಿಹಾಸ ಓದೋರಿಗೆ ಚೆನ್ನಾಗಿ ಗೊತ್ತು. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಹೊರಬಂದ ತನ್ನ ಇತಿಹಾಸ ಗ್ರಂಥದಲ್ಲಿ ಕಡತವನ್ನ ವರ್ಣಿಸಿದ್ದಾನೆ. ಸ್ಲೇಟಿನ ಹಾಗೆ ಬಟ್ಟೆಯಿಂದ ಒರೆಸಿ ಮತ್ತೆ ಬರೀಬಹುದು, ಆದ್ರೂ ವರ್ಷಗಟ್ಟಲೆ ಬಾಳಿಕೆ ಬರ್ತದೆ. ಅಂದ್ರೆ ಅಳಿಸೋ ಅಧಿಕಾರ ಪುಸ್ತಕ ಕೈಯಲ್ಲಿದ್ದವನದ್ದು. ಶಾನುಭೋಗರಿಗೆ ಹಳ್ಳಿಗಳಲ್ಲಿ ಇದ್ದ ಗತ್ತಿಗೆ ಇದೂ ಒಂದು ಕಾರಣ.

ಈಗ ಕಾರವಾರಕ್ಕೇ ಬನ್ನಿ. 1638ರಲ್ಲಿ ಇಂಗ್ಲಿಷ್ ವ್ಯಾಪಾರಿಗಳು, ಕೋರ್ಟೀನ್ ಅನ್ನೋನ ಸಂಘದವರು, ಇಲ್ಲಿ ಕೋಠಿ ತೆರೆದರು. ಆಮೇಲೆ ಅದು ಈಸ್ಟ್ ಇಂಡಿಯಾ ಕಂಪನಿ ಕೈಗೆ ಬಂತು. ಬೇಕಾಗಿದ್ದು ಕಾಳುಮೆಣಸು ಮತ್ತು ಘಟ್ಟದ ಮೇಲಿನಿಂದ ಬರ್ತಿದ್ದ ಬಟ್ಟೆ. ಈ ಕೋಠಿ ಸೂರತ್‌ನ ಅಧೀನದಲ್ಲಿತ್ತು, ಸೂರತ್‌ನ ಮೇಲೆ ಲಂಡನ್. ಇಲ್ಲೊಂದು ಹೊಸ ಪದ್ಧತಿ ನೋಡಿ. ಲೆಕ್ಕ ಬರೆಯೋನು ಒಬ್ಬ, ಅದನ್ನ ಓದಿ ಪ್ರಶ್ನೆ ಕೇಳೋನು ಸಾವಿರಾರು ಮೈಲಿ ದೂರದಲ್ಲಿರೋ ಇನ್ನೊಬ್ಬ. ಪುಸ್ತಕದ ಪ್ರತಿ ಹಡಗು ಹತ್ತಿ ಹೋಗ್ತಿತ್ತು. ಒಂದು ಸಲ ಪ್ರತಿ ಹೋದ ಮೇಲೆ ಇಲ್ಲಿ ಒರೆಸಿ ಪ್ರಯೋಜನ ಇಲ್ಲ.

ಯುರೋಪಿನಲ್ಲಿ ಅಷ್ಟೊತ್ತಿಗೆ ಜೋಡಿ ನಮೂದು ಪದ್ಧತಿ ಹಳೇದಾಗಿತ್ತು. ಲೂಕಾ ಪಚೋಲಿ ಅನ್ನೋ ಪಾದ್ರಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದ ಗಣಿತದ ಪುಸ್ತಕದಲ್ಲಿ ಅದನ್ನ ವಿವರಿಸಿದ್ದ. ಅವನು ಕಂಡುಹಿಡಿದಿದ್ದಲ್ಲ, ವ್ಯಾಪಾರಿಗಳು ಮಾಡ್ತಿದ್ದದ್ದನ್ನ ಬರೆದಿಟ್ಟ. ಪ್ರತಿ ವ್ಯವಹಾರ ಎರಡು ಕಡೆ ಬೀಳಬೇಕು. ಒಂದು ಕಡೆ ಮಾತ್ರ ತಿದ್ದಿದ್ರೆ ಮೊತ್ತ ಕೂಡೋದಿಲ್ಲ. ಕಳ್ಳತನ ಪೂರ್ತಿ ನಿಲ್ಲಲ್ಲ, ಆದ್ರೆ ಕಷ್ಟ ಆಗ್ತದೆ.

ನಮ್ಮ ಪೇಟೆಗಳಲ್ಲೂ ಶಿಸ್ತು ಇತ್ತು. ದಿನದ ವ್ಯವಹಾರ ಕಿರ್ದಿಯಲ್ಲಿ, ಅಲ್ಲಿಂದ ಖಾತೆಗೆ ಖತಾವಣಿ, ದಿನದ ಕೊನೆಗೆ ಶಿಲ್ಕು. ದೀಪಾವಳಿ ಲಕ್ಷ್ಮೀಪೂಜೆಗೆ ಹೊಸ ಕಿರ್ದಿಗೆ ಕುಂಕುಮ ಹಚ್ಚಿ ಶುರು. ಅನೇಕ ವ್ಯಾಪಾರಿಗಳ ಲೆಕ್ಕದ ವರ್ಷವೇ ದೀಪಾವಳಿಯಿಂದ ದೀಪಾವಳಿಗೆ. ಆದಾಯ ತೆರಿಗೆ ಕಾನೂನು 1989-90ರ ಕರನಿರ್ಧರಣೆ ವರ್ಷದಿಂದ ಎಲ್ಲರಿಗೂ ಏಪ್ರಿಲ್-ಮಾರ್ಚ್ ವರ್ಷ ಕಡ್ಡಾಯ ಮಾಡ್ತು. ನಮ್ಮ ಅಜ್ಜಂದಿರ ತಲೆಮಾರಿಗೆ ಅದೂ ಒಂದು ಮೈಗ್ರೇಶನ್ನೇ. ಪೂಜೆ ಮಾತ್ರ ದೀಪಾವಳಿಗೇ ಉಳೀತು, ಲೆಕ್ಕ ಏಪ್ರಿಲ್‌ಗೆ ಹೋಯ್ತು.

ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಇನ್ನೊಂದು ಕಥೆ. ಶ್ಯಾಮ್ ಸುಂದರ್ ಗೋಯೆಂಕಾ ಕಾರ್ಖಾನೆ ಮತ್ತು ಬಟ್ಟೆ ಗಿರಣಿಗಳಿಗೆ ಸಾಮಾನು ಪೂರೈಸೋ ವ್ಯವಹಾರ ನಡೆಸ್ತಿದ್ರು. ತಮ್ಮ ಲೆಕ್ಕಕ್ಕೆ ಸರಿಹೊಂದೋ ಸಾಫ್ಟ್‌ವೇರ್ ಸಿಗಲಿಲ್ಲ. ಗಣಿತ ಓದಿದ್ದ ಮಗ ಭರತ್‌ಗೆ "ನೀನೇ ಮಾಡು" ಅಂದ್ರು. 1986ರಲ್ಲಿ ಪ್ಯೂಟ್ರಾನಿಕ್ಸ್ ಹೆಸರಲ್ಲಿ ಶುರುವಾದದ್ದೇ ಇವತ್ತಿನ ಟ್ಯಾಲಿ. 1999ರಲ್ಲಿ ಕಂಪನಿ ಹೆಸರು ಟ್ಯಾಲಿ ಸೊಲ್ಯೂಷನ್ಸ್ ಆಯ್ತು, 2020ರಲ್ಲಿ ಭರತ್ ಗೋಯೆಂಕಾಗೆ ಪದ್ಮಶ್ರೀ ಬಂತು. ಬಿಕಾಂ ಓದಿದವರಿಗೆ ಗೊತ್ತು, ಕನ್ನಡ ಪಠ್ಯದಲ್ಲಿ ಟ್ರಯಲ್ ಬ್ಯಾಲೆನ್ಸ್‌ಗೆ ತಾಳೆಪಟ್ಟಿ ಅಂತಾರೆ. ತಾಳೆ, ಟ್ಯಾಲಿ. ಎರಡೂ ಭಾಷೆಯಲ್ಲಿ ಬಹುತೇಕ ಒಂದೇ ಸದ್ದು, ಒಂದೇ ಕೆಲಸ.

ಟ್ಯಾಲಿ ಯಾಕೆ ಗೆದ್ದಿತು? ಲೆಕ್ಕಶಾಸ್ತ್ರದ ಕೋಡ್ ನಂಬರ್‌ಗಳನ್ನ ಬಾಯಿಪಾಠ ಮಾಡಬೇಕಿರಲಿಲ್ಲ, ಪಾರ್ಟಿ ಹೆಸರು ಟೈಪ್ ಮಾಡಿದ್ರೆ ಸಾಕು. ಇನ್ನೊಂದು ಕಾರಣ ಜನ ಜೋರಾಗಿ ಹೇಳಲ್ಲ: ತಿದ್ದೋದು ಸುಲಭ. ಹೋದ ವರ್ಷದ ವೋಚರ್‌ ಮೇಲೆ ಎಂಟರ್ ಒತ್ತಿದ್ರೆ ತೆರೆದುಕೊಳ್ತಿತ್ತು. ಆಲ್ಟ್ ಡಿ ಒತ್ತಿದ್ರೆ ಡಿಲೀಟ್. ಯಾರು ತಿದ್ದಿದ್ರು ಅಂತ ಗುರುತಿಸೋ ಸೌಲಭ್ಯ ಇತ್ತು, ಆದ್ರೆ ಅದನ್ನ ಆನ್ ಮಾಡಿದವರಿಗೆ ಮಾತ್ರ. ಒಂದು ರೀತಿಯಲ್ಲಿ ನಾವು ಮತ್ತೆ ಕಡತಕ್ಕೇ ಹೋದ್ವಿ. ಒರೆಸಿದ್ದು ಕಾಣಲ್ಲ.

ಇದರ ಪೆಟ್ಟು ಯಾರಿಗೆ? ದೊಡ್ಡ ತೆರಿಗೆ ಕಳ್ಳರ ಮಾತು ಬಿಡಿ. ಇಬ್ಬರು ಪಾಲುದಾರರಲ್ಲಿ ಕಂಪ್ಯೂಟರ್ ಗೊತ್ತಿಲ್ಲದವನಿಗೆ. ಹತ್ತು ಸಾವಿರ ಕಮ್ಮಿ ಬಿದ್ದಾಗ ಮೊದಲು ಬೈಸಿಕೊಳ್ಳೋ ಲೆಕ್ಕದ ಹುಡುಗಿಗೆ. ತಾನು ತಿದ್ದಿಲ್ಲ ಅಂತ ತೋರಿಸೋಕೆ ಅವಳ ಹತ್ರ ಏನೂ ಇರ್ತಿರಲಿಲ್ಲ.

ಸರ್ಕಾರ ನಿಧಾನಕ್ಕೆ ಈ ಪುಸ್ತಕದ ಒಳಗೆ ಬಂತು. ಕರ್ನಾಟಕದಲ್ಲಿ 2005ರ ಏಪ್ರಿಲ್ 1ಕ್ಕೆ ವ್ಯಾಟ್. ಆ ಕಾಲದಲ್ಲೇ ನಮ್ಮ ವಾಣಿಜ್ಯ ತೆರಿಗೆ ಇಲಾಖೆ ಇ-ಸುಗಮ್ ತಂತು: ಲಾರಿ ಹೊರಡೋ ಮೊದಲು ಸರಕಿನ ವಿವರ ಆನ್‌ಲೈನ್ ಹಾಕಬೇಕು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು, ವಾಣಿಜ್ಯ ತೆರಿಗೆ ಚೆಕ್‌ಪೋಸ್ಟ್‌ಗಳು ಎದ್ದುಹೋದವು. ಕಾರವಾರದವರಿಗೆ ಇದು ಚೆನ್ನಾಗಿ ನೆನಪಿರ್ತದೆ, ಯಾಕಂದ್ರೆ ಮಾಜಾಳಿ ದಾಟಿದ್ರೆ ಗೋವಾ. ಅಂಕೋಲಾಕ್ಕೆ ಮಾರಿದ್ರೆ ಒಂದು ರೀತಿ ತೆರಿಗೆ, ಕಾಣಕೋಣಕ್ಕೆ ಮಾರಿದ್ರೆ ಐಜಿಎಸ್‌ಟಿ. 2018ರ ಏಪ್ರಿಲ್ 1ಕ್ಕೆ ರಾಜ್ಯದೊಳಗಿನ ಸಾಗಣೆಗೂ ಇ-ವೇ ಬಿಲ್ ಜಾರಿ ಮಾಡಿದ ಮೊದಲ ರಾಜ್ಯ ಕರ್ನಾಟಕ. ಚೆಕ್‌ಪೋಸ್ಟ್ ರಸ್ತೆಯಿಂದ ಎದ್ದು ಸಾಫ್ಟ್‌ವೇರ್ ಒಳಗೆ ಕೂತಿತು.

ಕೊನೆಗೆ 2023ರ ಏಪ್ರಿಲ್ 1. ನೋಂದಾಯಿತ ಕಂಪನಿಗಳು ಬಳಸೋ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಿದ್ದುಪಡಿಯೂ ದಿನಾಂಕ ಸಮೇತ ದಾಖಲಾಗಬೇಕು, ಆ ಸೌಲಭ್ಯವನ್ನ ಆಫ್ ಮಾಡೋಕೆ ಆಗಬಾರದು. ಅದಕ್ಕೂ ಮುಂಚೆ 2022ರ ಆಗಸ್ಟ್‌ನಲ್ಲಿ ಇನ್ನೊಂದು ನಿಯಮ: ಲೆಕ್ಕ ಎಲ್ಲೇ ಇರಲಿ, ಬ್ಯಾಕಪ್ ಭಾರತದಲ್ಲಿರೋ ಸರ್ವರ್‌ನಲ್ಲಿ ಪ್ರತಿದಿನ ಇರಬೇಕು. ಗಮನಿಸಿ, ಇವು ಕಂಪನಿಗಳಿಗೆ. ಕೋಡಿಬಾಗದ ಒಬ್ಬರೇ ಮಾಲೀಕರಿರೋ ಅಂಗಡಿಗೆ ಈ ಕಡ್ಡಾಯ ಇಲ್ಲ. ಆದ್ರೆ ಮಗಳು ತೋರಿಸ್ತಿರೋ ಕ್ಲೌಡ್ ಸಾಫ್ಟ್‌ವೇರ್‌ನಲ್ಲಿ ಈ ಜಾಡು ಸಾಮಾನ್ಯವಾಗಿ ಜೊತೆಗೇ ಬರ್ತದೆ. ಲೆಕ್ಕದ ಹುಡುಗಿಗೆ ಮೊದಲ ಸಲ ಒಂದು ಸಾಕ್ಷಿ ಸಿಕ್ತು.

ಹಾಗಾದ್ರೆ ಕಣ್ಣುಮುಚ್ಚಿ ಹೋಗಬಹುದಾ? ಇಲ್ಲಿ ಅಪ್ಪನ ಪ್ರಶ್ನೆ ವಾಪಸ್ ಬರ್ತದೆ.

ಒಂದು, ಸಾಗಿಸೋದು ಅಂದ್ರೆ ಕಾಪಿ ಪೇಸ್ಟ್ ಅಲ್ಲ. ಹಳೇ ಪುಸ್ತಕದ ಮಾರ್ಚ್ 31ರ ತಾಳೆಪಟ್ಟಿ, ಹೊಸದರ ಏಪ್ರಿಲ್ 1ರ ಆರಂಭ ಶಿಲ್ಕು ಪೈಸೆಗೆ ಪೈಸೆ ಕೂಡಬೇಕು. ಯಾರು ಎಷ್ಟು ಕೊಡಬೇಕು ಅನ್ನೋ ಒಟ್ಟು ಮೊತ್ತ ಹೋದ್ರೆ ಸಾಲದು, ಬಿಲ್ ಬಿಲ್ಲಿಗೂ ಹೋಗಬೇಕು. ಇಲ್ಲಾಂದ್ರೆ ಗಿರಾಕಿ "ಯಾವ ಬಿಲ್ಲಿನ ದುಡ್ಡು?" ಅಂದಾಗ ಉತ್ತರ ಇರಲ್ಲ. ಹಳೇ ಕಂಪ್ಯೂಟರಲ್ಲಿ ಒಬ್ಬನೇ ಗಿರಾಕಿ "ನಾಯ್ಕ ಬೈತಖೋಲ", "ನಾಯ್ಕ ಬೋಟ್", "ನಾಯ್ಕ ಹೊಸ" ಅಂತ ಮೂರು ಕಡೆ ಇರ್ತಾನೆ. ಮೂವರೂ ಒಬ್ಬನೇ ಅಂತ ಗೊತ್ತಿರೋದು ಲೆಕ್ಕ ಬರೆದವರಿಗೆ ಮಾತ್ರ. ಅವರನ್ನ ಕೆಲಸದಿಂದ ಬಿಡಿಸಿ ಆಮೇಲೆ ಮೈಗ್ರೇಶನ್ ಮಾಡೋದು ದೊಡ್ಡ ದಡ್ಡತನ. ಹೆಸರುಗಳನ್ನ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ರೆ, ಯೂನಿಕೋಡ್‌ಗೆ ಪರಿವರ್ತಿಸದೆ ಸಾಗಿಸಿದಾಗ ಪರದೆ ತುಂಬ ಅರ್ಥವಿಲ್ಲದ ಚಿಹ್ನೆಗಳು.

ಕರಾವಳಿಯ ಮನೆಗಳಿಗೆ ಇದರ ದೊಡ್ಡ ರೂಪ ಗೊತ್ತು. ಪಿಗ್ಮಿ ಠೇವಣಿಯನ್ನ 1928ರಲ್ಲಿ ಶುರು ಮಾಡಿದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಲ್ಲಿ ವಿಲೀನ ಆಯ್ತು. ಆದ್ರೆ ಹಳೇ ಐಎಫ್‌ಎಸ್‌ಸಿ ಕೋಡ್‌ಗಳು 2021ರ ಜೂನ್ 30ರವರೆಗೂ ನಡೆದವು. ಅಷ್ಟು ದೊಡ್ಡ ಬ್ಯಾಂಕೇ ಹಳೇದನ್ನ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಜೊತೆಗಿಟ್ಟುಕೊಂಡಿತು. ಸಣ್ಣ ಅಂಗಡಿ ಒಂದೆರಡು ತಿಂಗಳು ಎರಡೂ ಕಡೆ ಬರೆದ್ರೆ ನಷ್ಟ ಏನಿಲ್ಲ.

ಕೋಡಿಬಾಗದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. 2024ರ ಆಗಸ್ಟ್ 7ರ ನಸುಕಿನಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು, ಚಾಲಕ ಬದುಕುಳಿದ. ಸದಾಶಿವಗಡದ ಕಡೆ ಹೋಗೋ ದಾರಿ ಉಳಿದದ್ದು ಪಕ್ಕದಲ್ಲಿ ಹೊಸ ಸೇತುವೆ ಇದ್ದಿದ್ದರಿಂದ.

ಎರಡು, ಕ್ಲೌಡ್ ಅಂದ್ರೆ ಬಾಡಿಗೆ ಮನೆ. ಅಮೆರಿಕದ ಇಂಟ್ಯೂಟ್ ಕಂಪನಿ ತನ್ನ ಕ್ವಿಕ್‌ಬುಕ್ಸ್ ಸೇವೆಯನ್ನ 2023ರಲ್ಲಿ ಭಾರತದಲ್ಲಿ ನಿಲ್ಲಿಸಿತು. ಬಳಸ್ತಿದ್ದವರು ಲೆಕ್ಕ ಇಳಿಸಿಕೊಂಡು ಬೇರೆ ಕಡೆ ಹೋಗಬೇಕಾಯ್ತು. ಜಿಎಸ್‌ಟಿ ಕಾನೂನು ಪ್ರಕಾರ ವಾರ್ಷಿಕ ರಿಟರ್ನ್‌ನ ಕೊನೇ ದಿನದಿಂದ 72 ತಿಂಗಳು ಲೆಕ್ಕ ಕಾಪಾಡಬೇಕು. ಕಂಪನಿಗಳಿಗೆ 8 ವರ್ಷ. ಬಾಡಿಗೆ ಕಟ್ಟೋದು ನಿಲ್ಲಿಸಿದ ಮೇಲೂ ಓದೋಕೆ ಆಗತ್ತಾ? ಪೂರ್ತಿ ಡೇಟಾ ಎಕ್ಸೆಲ್‌ನಲ್ಲಿ ಕೊಡ್ತಾರಾ? ದುಡ್ಡು ಕಟ್ಟೋ ಮೊದಲು ಕೇಳಬೇಕಾದ ಪ್ರಶ್ನೆ ಇವು. ಲಾಗಿನ್ ಯಾರ ಇಮೇಲ್‌ನಲ್ಲಿದೆ ಅಂತಲೂ ನೋಡಿ. ಸಾಫ್ಟ್‌ವೇರ್ ಹಾಕಿಕೊಟ್ಟವನ ಇಮೇಲ್‌ನಲ್ಲಿದ್ರೆ ಪುಸ್ತಕ ಅವನದ್ದೇ.

ಮೂರು, ಹಾಗಂತ ಗಲ್ಲೆ ಕೆಳಗಿನ ಡಬ್ಬಿಯೂ ಭದ್ರ ಅಲ್ಲ. 2019ರ ಆಗಸ್ಟ್‌ನಲ್ಲಿ ಕಾಳಿ, ಗಂಗಾವಳಿ ಎರಡೂ ಉಕ್ಕಿ ಕಾರವಾರ, ಅಂಕೋಲಾ ತಾಲೂಕಿನ ಊರುಗಳಿಗೆ ನುಗ್ಗಿದ್ವು. ನೀರಿಗೆ ಕಿರ್ದಿನೂ ಒಂದೇ, ಹಾರ್ಡ್‌ಡಿಸ್ಕೂ ಒಂದೇ. ಸೂರತ್‌ಗೆ ಹಡಗಲ್ಲಿ ಪ್ರತಿ ಕಳಿಸ್ತಿದ್ದವರಿಗೆ ಗೊತ್ತಿದ್ದ ಪಾಠ ಇದು: ಲೆಕ್ಕದ ಒಂದು ಪ್ರತಿ ನಮ್ಮೂರಿನ ಹೊರಗಿರಬೇಕು.

ಹಾಗಾಗಿ ಆ ಅಪ್ಪನಿಗೆ ನನ್ನ ಉತ್ತರ: ಹೋಗಿ, ಆದ್ರೆ ಕೀಲಿಕೈ ಮನೆಯಲ್ಲೇ ಇರಲಿ. ತಿಂಗಳಿಗೊಮ್ಮೆ ಪೂರ್ತಿ ಲೆಕ್ಕ ಇಳಿಸಿ ಪೆನ್‌ಡ್ರೈವ್‌ನಲ್ಲಿ ಇಡಿ. ಹಳೇ ಕಂಪ್ಯೂಟರ್‌ನ ಗುಜರಿಗೆ ಹಾಕಬೇಡಿ, ಅದರ ಬ್ಯಾಕಪ್ ಬೇರೆ ಯಂತ್ರದಲ್ಲಿ ತೆರೆಯತ್ತಾ ಅಂತ ಒಮ್ಮೆ ತೆರೆದು ನೋಡಿ. ಲೆಕ್ಕ ಬರೆಯೋರಿಗೆ ಅವರದೇ ಲಾಗಿನ್ ಕೊಡಿ, ನಿಮ್ಮ ಪಾಸ್‌ವರ್ಡ್ ಹಂಚಬೇಡಿ. ಆಗಲೇ ತಿದ್ದಿದ್ದು ಯಾರು ಅನ್ನೋದಕ್ಕೆ ಅರ್ಥ ಬರೋದು.

ನಿಮ್ಮ ಮನೆಯ ಅಟ್ಟದ ಮೇಲೆ ಹಳೇ ಕಿರ್ದಿ ಪುಸ್ತಕ ಇದ್ರೆ ಈ ವಾರ ಕೆಳಗಿಳಿಸಿ, ಅಜ್ಜ ಅಜ್ಜಿ ಹತ್ರ ಓದಿಸಿ ರೆಕಾರ್ಡ್ ಮಾಡ್ಕೊಳ್ಳಿ. ಆ ಅಕ್ಷರ ಓದೋರು ಕಮ್ಮಿ ಆಗ್ತಿದ್ದಾರೆ.